47 ಸೆಂಟಿಗೆ ದೇವರೇ ಗತಿ: ನಾನು ಕೊಂಡ ಬ್ರಯಾನ್ ಡಾಲರ್

ಪಾರ್ಸಲ್ ಬಂದಾಗ ಬಾಗಿಲು ತೆಗೆದದ್ದು ಮಗಳು. "ಅಮ್ಮಾ, ಯಾರೋ ಕಲ್ಲು ಕಳಿಸಿದ್ದಾರೆ" ಅಂತ ತಂದು ಅಡುಗೆಮನೆ ಕಟ್ಟೆ ಮೇಲೆ ದಪ್ ಅಂತ ಇಟ್ಟಳು. ಡಬ್ಬಿ ಚಿಕ್ಕದು, ತೂಕ ಮಾತ್ರ ಜಾಸ್ತಿ. ಒಳಗೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ದೊಡ್ಡ ಬಿಲ್ಲೆ, ಜೊತೆಗೆ 16 ಪುಟದ ಒಂದು ಪುಸ್ತಿಕೆ. ಎರಡಕ್ಕೂ ಸೇರಿ ಕೊಟ್ಟಿದ್ದು 140 ಡಾಲರ್, ಅಂಚೆ ಖರ್ಚು ಬೇರೆ.

ಈ ಬಿಲ್ಲೆಗೆ ನಾಣ್ಯ ಸಂಗ್ರಹಿಸುವವರ ಬಾಯಲ್ಲಿ "ಬ್ರಯಾನ್ ಮನಿ" ಅಂತ ಹೆಸರು. ಆದರೆ ಇದು ದುಡ್ಡಲ್ಲ, ದುಡ್ಡಿನ ಅಣಕ. 1896ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಎಂಬಾತನನ್ನು ಗೇಲಿ ಮಾಡೋಕೆ ಅಂತಲೇ ಎದುರು ಪಕ್ಷದ ಕಡೆಯವರು ಎರಕ ಹೊಯ್ಯಿಸಿ ಹಂಚಿದ ವಸ್ತು.

ನನಗೆ ಇದರ ಗೀಳು ಹತ್ತಿದ್ದಕ್ಕೆ ಕಾರಣ ಇದೆ. ನಾವಿರುವುದು ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ. ಇಲ್ಲಿ ಬ್ರಯಾನ್ ಅಂದರೆ ಮನುಷ್ಯನಲ್ಲ, ಆಸ್ಪತ್ರೆ. "ಅವರನ್ನ ಬ್ರಯಾನ್‌ಗೆ ಸೇರಿಸಿದ್ದಾರೆ" ಅಂತಾರೆ. ನನ್ನ ಮಗಳು ಹುಟ್ಟಿದ್ದೂ ಅಲ್ಲೇ. ಬಾಣಂತಿಯಾಗಿ ಕಿಟಕಿಯಿಂದ ನೋಡುತ್ತಾ ಕೂತಿದ್ದಾಗ ಆಸ್ಪತ್ರೆ ಆವರಣದಲ್ಲೇ ಒಂದು ಹಳೇ ಇಟ್ಟಿಗೆ ಮನೆ ಕಂಡಿತ್ತು. ಫೇರ್‌ವ್ಯೂ ಅಂತ ಅದರ ಹೆಸರು. ನರ್ಸ್ ಹೇಳಿದ ಮೇಲೆ ಗೊತ್ತಾಯ್ತು, ಅದು ಬ್ರಯಾನ್ ಕಟ್ಟಿಸಿದ ಮನೆ, ಆಮೇಲೆ ಆಸ್ಪತ್ರೆಗೆಂದು ಮೆಥಡಿಸ್ಟ್ ಚರ್ಚಿಗೆ ಬಿಟ್ಟುಕೊಟ್ಟದ್ದು ಅಂತ. ಇನ್ನೊಂದು ಕಾರಣ ನನ್ನ ಕೆಲಸ. ಮನೆ ಸಾಲದ ಕಾಗದಪತ್ರ ನೋಡುವುದು ನನ್ನ ಹೊಟ್ಟೆಪಾಡು. ಸಾಲ ಅಂದರೆ ಏನು, ಅದು ವರ್ಷ ಕಳೆದಂತೆ ಹಗುರ ಆಗುತ್ತಾ ಭಾರ ಆಗುತ್ತಾ ಅನ್ನೋದು ದಿನಾ ನೋಡುವ ವಿಷಯ. ಬ್ರಯಾನ್ ವರ್ಷಗಟ್ಟಲೆ ಕೂಗಿದ್ದೂ ಅದನ್ನೇ.

ಮೊದಲು ಬಿಲ್ಲೆ ವಿಷಯ. ಅಡ್ಡಳತೆ 86 ಮಿಲಿಮೀಟರ್. ನನ್ನ ಅಂಗೈ ತುಂಬಿ ಬೆರಳಿನ ಬುಡದವರೆಗೂ ಬರುತ್ತದೆ. ಸೀಸ ಬೆರೆಸಿದ ಲೋಹ, ಹಳೇ ಕಾಲದ ಅಚ್ಚುಮೊಳೆ ಲೋಹದಂಥದ್ದು. ಮುಂಭಾಗದಲ್ಲಿ ಆ ಕಾಲದ ಬೆಳ್ಳಿ ಡಾಲರಿನಲ್ಲಿ ಇರುತ್ತಿದ್ದಂಥದೇ ಸ್ವಾತಂತ್ರ್ಯ ದೇವಿಯ ಮುಖ. ಆದರೆ ಮೂಗು ದಪ್ಪ, ತುಟಿ ಒರಟು. ಕೆತ್ತಿದವನಿಗೆ ಅವಸರ ಇತ್ತು ಅಂತ ಕಾಣುತ್ತೆ. ಸುತ್ತ ನಕ್ಷತ್ರ, ಕೆಳಗೆ 1896. ಮೇಲೆ ಬರೆದಿರುವುದೇ ಮಜಾ: "ದೇವರಲ್ಲಿ ನಮ್ಮ ನಂಬಿಕೆ, ಉಳಿದ 47 ಸೆಂಟಿಗೆ." ನಿಜವಾದ ಡಾಲರಿನ ಮೇಲೆ ಮೊದಲ ಮೂರು ಪದ ಇರುತ್ತವೆ, ಬಾಲ ಇವರು ಸೇರಿಸಿದ್ದು. ಹಿಂದೆ ಹದ್ದು, ಅದರ ಜೊತೆ "16ಕ್ಕೆ 1, ನಿಟ್." ನಿಟ್ ಅಂದರೆ ಆಗಿನ ಬೀದಿ ಇಂಗ್ಲಿಷಿನಲ್ಲಿ "ಆಗೋದಿಲ್ಲ ಹೋಗು".

ಕಟ್ಟೆ ಮೇಲೆ ಬೀಳಿಸಿದರೆ ಟಣ್ ಅನ್ನಲ್ಲ, ಒದ್ದೆ ಬಟ್ಟೆ ಬಿದ್ದ ಹಾಗೆ ಸದ್ದು. ಕಾಗದದ ಮೇಲೆ ಅಂಚು ಎಳೆದರೆ ಪೆನ್ಸಿಲಿನಂತೆ ಬೂದು ಗೆರೆ ಮೂಡುತ್ತದೆ. ಮಗಳು ಅದರಲ್ಲಿ ಹೆಸರು ಬರೆಯೋಕೆ ಹೊರಟಿದ್ದಳು, ಕಿತ್ತುಕೊಂಡು ಕೈ ತೊಳೆಸಿದೆ. ಮಕ್ಕಳಿರುವ ಮನೆಯವರು ಇದನ್ನು ನೆನಪಿಡಿ. ಸೀಸ ಅದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಮಾರಿದವರು ಈ ಬಗ್ಗೆ ಒಂದು ಚೀಟಿಯನ್ನೂ ಹಾಕಿರಲಿಲ್ಲ.

ಅಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ಮಾರಾಟದ ವೆಬ್ ಪುಟದಲ್ಲಿ "ಮೂಲ ಮೇಲ್ಮೈ" ಅಂತ ಬರೆದಿದ್ದರು. ಅಂದರೆ ಯಾರೂ ಉಜ್ಜಿಲ್ಲ, ತಿಕ್ಕಿಲ್ಲ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಕಪ್ಪು ಹಾಗೇ ಇದೆ ಅಂತ. ಕೈಗೆ ಬಂದ ಬಿಲ್ಲೆಯನ್ನು ದೀಪದ ಕೆಳಗೆ ಓರೆ ಮಾಡಿ ಹಿಡಿದರೆ ದೇವಿಯ ಕೆನ್ನೆ ಮೇಲೆ ಒಂದೇ ದಿಕ್ಕಿನ ಸಣ್ಣ ಸಣ್ಣ ಗೀರು. ಯಾರೋ ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದ್ದಾರೆ. ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದೆ. ಹಳೇ ನಾಣ್ಯ ಉಜ್ಜುವುದು ಅಂದರೆ ಈ ಹವ್ಯಾಸದವರಿಗೆ ಮಹಾಪಾಪ, ಬೆಲೆ ಅರ್ಧಕ್ಕೆ ಇಳಿಯುತ್ತೆ. ಫೋಟೋದಲ್ಲಿ ಬೆಳಕು ನೇರವಾಗಿ ಬಿಟ್ಟು ಗೀರು ಮುಚ್ಚಿದ್ದರು. ಅಂಗಡಿಯ ಹೆಸರು ಹೇಳಲ್ಲ. ಬೇರೆ ರಾಜ್ಯದ್ದು, ಇಬ್ಬರೇ ನಡೆಸುವ ಆನ್‌ಲೈನ್ ಅಂಗಡಿ. ಬರೆದೆ. ಮೂರನೇ ದಿನ ಉತ್ತರ ಬಂತು: ವಾಪಸ್ ಕಳಿಸಿ, ಇಲ್ಲಾ ಇಟ್ಟುಕೊಳ್ಳುವುದಾದರೆ 25 ಡಾಲರ್ ಕೊಡ್ತೀವಿ. ಅಷ್ಟರಲ್ಲಿ ಬಿಲ್ಲೆ ಮೇಲೆ ನನಗೆ ಪ್ರೀತಿ ಬಂದುಬಿಟ್ಟಿತ್ತು. ಇಟ್ಟುಕೊಂಡೆ.

ಈಗ ಆ 47 ಸೆಂಟಿನ ಕತೆ. ಇದು ಗೊತ್ತಿಲ್ಲದೆ ಬಿಲ್ಲೆ ಕೊಂಡರೆ ಬರೀ ಸೀಸ ಕೊಂಡ ಹಾಗೆ.

ಬ್ರಯಾನ್ ಬೇಡಿಕೆಗೆ "ಫ್ರೀ ಸಿಲ್ವರ್" ಅಂತ ಹೆಸರು. ನಮ್ಮನೆಯವರು ಇದನ್ನು ಕೇಳಿ "ಪುಕ್ಕಟೆ ಬೆಳ್ಳಿ ಎಲ್ಲಿ ಕೊಡ್ತಾರೆ ಹೇಳು, ನಾನೂ ಸಾಲಲ್ಲಿ ನಿಲ್ತೀನಿ" ಅಂದರು. ಪುಕ್ಕಟೆ ಅಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಬೆಳ್ಳಿ ತಂದು ಸರಕಾರದ ಟಂಕಸಾಲೆಗೆ ಕೊಡಬಹುದು, ಅವರು ಅದನ್ನು ಡಾಲರ್ ಮಾಡಿ ವಾಪಸ್ ಕೊಡಬೇಕು, ಮಿತಿ ಇಲ್ಲ. ಅದೇ ಇಲ್ಲಿ ಫ್ರೀ. ಚಿನ್ನಕ್ಕೆ ಆ ಸೌಲಭ್ಯ ಇತ್ತು. ಬೆಳ್ಳಿಗೂ ಮೊದಲು ಇತ್ತು, 1873ರ ಕಾನೂನಿನಲ್ಲಿ ಬೆಳ್ಳಿ ಡಾಲರನ್ನು ಪಟ್ಟಿಯಿಂದಲೇ ಬಿಟ್ಟರು. ಪಶ್ಚಿಮದ ರೈತರು ಇದನ್ನು "73ರ ಅಪರಾಧ" ಅಂತ ಕರೆದರು. 16 ತೂಕ ಬೆಳ್ಳಿಗೆ 1 ತೂಕ ಚಿನ್ನ, ಈ ಲೆಕ್ಕದಲ್ಲಿ ಬೆಳ್ಳಿಗೆ ಟಂಕಸಾಲೆ ಬಾಗಿಲು ಮತ್ತೆ ತೆಗೀರಿ ಅನ್ನೋದೇ 16ಕ್ಕೆ 1.

ಆದರೆ 1896ರ ಹೊತ್ತಿಗೆ ಪೇಟೆಯಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು 30 ತೂಕ ಬೆಳ್ಳಿ ಬರುತ್ತಿತ್ತು. ಒಂದು ಬೆಳ್ಳಿ ಡಾಲರನ್ನು ಕರಗಿಸಿದರೆ ಸಿಗುವ ಬೆಳ್ಳಿಗೆ ಹೆಚ್ಚುಕಮ್ಮಿ 53 ಸೆಂಟ್. ಬಾಕಿ 47 ಸೆಂಟಿಗೆ ಯಾರು ದಿಕ್ಕು? ದೇವರೇ. ಗೇಲಿ ಮಾಡಿದವರ ಲೆಕ್ಕ ತಪ್ಪಲ್ಲ ಸ್ವಾಮಿ, ಅದನ್ನ ಒಪ್ಪಲೇಬೇಕು. 53 ಸೆಂಟಿನ ಬೆಳ್ಳಿ ಕೊಟ್ಟು ಒಂದು ಡಾಲರ್ ತಗೊಂಡು ಹೋಗಿ ಅಂದರೆ ಗಣಿ ಮಾಲೀಕರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬ್ರಯಾನ್‌ಗೆ ದುಡ್ಡು ಸುರಿದವರಲ್ಲಿ ಆ ಮಾಲೀಕರೂ ಇದ್ದರು.

ಹೋದ ವಸಂತದಲ್ಲಿ ಒಮಾಹಾದ ನಾಣ್ಯ ಮೇಳದಲ್ಲಿ ಒಬ್ಬ ಅಜ್ಜನ ಮೇಜಿನ ಮೇಲೆ ಇದರ ಶ್ರೀಮಂತ ಅಣ್ಣನನ್ನು ನೋಡಿದ್ದೆ. ಗೋರಂ ಅನ್ನುವ ಬೆಳ್ಳಿ ಕಂಪನಿ 1896ರ ಸೆಪ್ಟೆಂಬರಿನಲ್ಲಿ ಮಾಡಿದ್ದು. ಅದು ಅಣಕ ಅಲ್ಲ, ಪಾಠ. ನಾಣ್ಯಕ್ಕೆ ಬಳಸುವಂಥದೇ ಬೆಳ್ಳಿ, 823 ಗ್ರೇನ್ ತೂಕ. ಅಂದರೆ ಸುಮಾರು 53 ಗ್ರಾಂ. ಒಂದು ಚಿನ್ನದ ಡಾಲರಿಗೆ ಆ ದಿನದ ಪೇಟೆ ದರದಲ್ಲಿ ಎಷ್ಟು ಬೆಳ್ಳಿ ಬರುತ್ತೋ ಅಷ್ಟೇ ಬೆಳ್ಳಿ ಅದರಲ್ಲಿದೆ ಅಂತ ಮೈಮೇಲೇ ಬರೆದಿದೆ. ಸರಕಾರದ ಡಾಲರಿನಲ್ಲಿ ಇರುವುದು ಬರೀ 412½ ಗ್ರೇನ್. ಆ ಡಾಲರಿನ ಅಳತೆಗೆ ಒಂದು ವೃತ್ತ ಕೊರೆದಿದ್ದಾರೆ. ಅಜ್ಜ ಜೇಬಿನಿಂದ ಒಂದು ಹಳೇ ಬೆಳ್ಳಿ ಡಾಲರ್ ತೆಗೆದು ಆ ವೃತ್ತದ ಮೇಲೆ ಮೆಲ್ಲಗೆ ಇಟ್ಟರು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು. ಸುತ್ತ ಒಂದು ಬೆರಳಿನಷ್ಟು ಬೆಳ್ಳಿಯ ಬಳೆ ಉಳಿಯಿತು. "ಈ ಬಳೆ ಕಾಣ್ತಿದೆಯಲ್ಲಮ್ಮ, ಇಡೀ ಚುನಾವಣೆ ನಡೆದದ್ದು ಇದಕ್ಕೆ" ಅಂದರು. ಬೆಲೆ ಕೇಳಿದೆ. ಹೇಳಿದರು. ನಕ್ಕು ವಾಪಸ್ ಇಟ್ಟೆ. ಅದಕ್ಕೇ ಈಗ ಈ ಸೀಸದ ತಮ್ಮ.

ಇನ್ನು ಪುಸ್ತಿಕೆ. "ಒಂದು ಜೀವನ" ಅಂತ ಜಾಹೀರಾತಿನಲ್ಲಿ ಹೊಗಳಿದ್ದರು. ಹೊಳೆಯುವ ಕಾಗದ, ಚೆಂದದ ಫೋಟೋ. ಒಳಗೆ ಮಾತ್ರ ಜಳ್ಳು. 16 ಪುಟದಲ್ಲಿ ಆರು ಪುಟ 1925ರ ಕೋತಿ ವಿಚಾರಣೆಗೆ (ಶಾಲೆಯಲ್ಲಿ ವಿಕಾಸವಾದ ಕಲಿಸಿದ ಮೇಷ್ಟ್ರ ಮೇಲಿನ ಕೇಸು, ಬ್ರಯಾನ್ ಸರಕಾರದ ಕಡೆಯ ವಕೀಲ) ಹೋಗಿದೆ, ಬೆಳ್ಳಿಗೆ ಸಿಕ್ಕಿದ್ದು ಒಂದೂವರೆ ಪುಟ. ಬೆಳ್ಳಿ ನಾಣ್ಯದ ಅಣಕದ ಜೊತೆ ಕೊಡುವ ಪುಸ್ತಿಕೆ ಇದು, ನೋಡಿ! ತಪ್ಪುಗಳೂ ಇವೆ. ಟೆನ್ನೆಸ್ಸಿಯ ಡೇಟನ್ ಊರಿನ ಕೋರ್ಟಿನಲ್ಲೇ ವಾದ ಮಾಡ್ತಾ ಮಾಡ್ತಾ ಬ್ರಯಾನ್ ಕುಸಿದು ಸತ್ತ ಅಂತ ಬರೆದಿದ್ದಾರೆ. ಅದು ನಾಟಕಕ್ಕೆ ಚೆಂದ. ನಿಜ ಏನಂದರೆ ವಿಚಾರಣೆ ಮುಗಿದು ಐದು ದಿನ ಆದ ಮೇಲೆ, ಜುಲೈ 26ರ ಭಾನುವಾರ, ಅದೇ ಊರಲ್ಲಿ ಮಧ್ಯಾಹ್ನ ಮಲಗಿದವನು ಏಳಲಿಲ್ಲ.

ಬಿಟ್ಟಿದ್ದು ಏನೇನು ಅಂತ ಹೇಳ್ತೀನಿ, ಕೊಳ್ಳುವವರಿಗೆ ಅನುಕೂಲ ಆಗಲಿ.

ಬ್ರಯಾನ್ ಹುಟ್ಟಿದ್ದು 1860ರಲ್ಲಿ, ಇಲಿನಾಯ್ ರಾಜ್ಯದ ಸೇಲಂನಲ್ಲಿ. ವಕೀಲ. 1887ರಲ್ಲಿ ನಮ್ಮ ಲಿಂಕನ್‌ಗೆ ಬಂದ. 1890ರಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಗೆದ್ದ. ಮೊದಮೊದಲು ಬೆಳ್ಳಿ ಬಗ್ಗೆ ಅವನಿಗೂ ಅಷ್ಟೇನೂ ಗೊತ್ತಿರಲಿಲ್ಲ. "ನೆಬ್ರಾಸ್ಕಾದ ಜನಕ್ಕೆ ಬೆಳ್ಳಿ ಬೇಕು, ಹಾಗಾಗಿ ನನಗೂ ಬೇಕು, ವಾದ ಏನು ಅಂತ ಆಮೇಲೆ ಹುಡುಕ್ತೀನಿ" ಅಂದಿದ್ದನಂತೆ. ಇದನ್ನು ಓದಿ ನಾನು ಜೋರಾಗಿ ನಕ್ಕಿದ್ದೆ. ರಾಜಕಾರಣಿ ಇಷ್ಟು ನಿಜ ಹೇಳುವುದು ಅಪರೂಪ ಅಲ್ವಾ? ಆದರೆ ಹುಡುಕಿದ, ಅದೂ ನಿಜ. 1893ರಲ್ಲಿ ಬ್ಯಾಂಕುಗಳು ಬೀಳತೊಡಗಿದವು. ಅಧ್ಯಕ್ಷ ಕ್ಲೀವ್‌ಲೆಂಡ್, ಬ್ರಯಾನ್‌ನ ಪಕ್ಷದವನೇ, ಸರಕಾರ ತಿಂಗಳು ತಿಂಗಳು ಬೆಳ್ಳಿ ಕೊಳ್ಳುವ ಕಾನೂನನ್ನು ರದ್ದು ಮಾಡಿಸೋಕೆ ಹೊರಟ. ಬ್ರಯಾನ್ ತನ್ನ ಅಧ್ಯಕ್ಷನ ವಿರುದ್ಧವೇ ಸದನದಲ್ಲಿ ಸುಮಾರು ಮೂರು ಗಂಟೆ ಮಾತಾಡಿದ. ಸೋತ.

ಆ ವರ್ಷದ ಬೆಳ್ಳಿ ಕುಸಿತಕ್ಕೆ ನಮ್ಮ ರೂಪಾಯಿಯೂ ಒಂದು ಕಾರಣ. ರೂಪಾಯಿ ಆಗ ಬೆಳ್ಳಿಯದು, 180 ಗ್ರೇನ್, ಸರಿಯಾಗಿ ಒಂದು ತೊಲ. ಇಂಡಿಯಾದ ಟಂಕಸಾಲೆಗಳು ಜನರ ಬೆಳ್ಳಿಗೆ ಬಾಗಿಲು ಹಾಕಿದ್ದು 1893ರ ಜೂನ್ 26ಕ್ಕೆ. ಬೆಳ್ಳಿ ದರ ಧೊಪ್ಪನೆ ಬಿತ್ತು, ಅಮೆರಿಕದ ಗಣಿಗಳೂ ನಡುಗಿದವು. ಇದೇ ಮನುಷ್ಯ 1906ರಲ್ಲಿ ಇಂಡಿಯಾ ನೋಡಿ ಬಂದು ಬ್ರಿಟಿಷ್ ಆಳ್ವಿಕೆಯನ್ನು ಕಟುವಾಗಿ ಟೀಕಿಸಿ ಬರೆದ. ಪುಸ್ತಿಕೆಯಲ್ಲಿ ಇದರ ಸುಳಿವೂ ಇಲ್ಲ.

ರೈತರ ಸಂಕಟ ಏನು ಅನ್ನೋದನ್ನು ನನ್ನ ಕಚೇರಿ ಭಾಷೆಯಲ್ಲಿ ಹೇಳ್ತೀನಿ. ಈಗ ನಾವು 30 ವರ್ಷಕ್ಕೆ ಮನೆ ಸಾಲ ತೆಗೆದರೆ ಕಂತು ಅಷ್ಟೇ ಇರುತ್ತೆ, ಸಂಬಳ ಏರುತ್ತಾ ಹೋಗುತ್ತೆ. ಹತ್ತು ವರ್ಷ ಕಳೆದರೆ ಅದೇ ಕಂತು ಹಗುರ. ನೆಬ್ರಾಸ್ಕಾ, ಕಾನ್ಸಾಸ್ ರೈತರದ್ದು ಉಲ್ಟಾ. 1880ರ ದಶಕದ ಮೊದಲಲ್ಲಿ ಒಂದು ಬುಷೆಲ್ (ಅಲ್ಲಿ ಧಾನ್ಯ ಅಳೆಯುವ ಅಳತೆ) ಗೋಧಿಗೆ ಒಂದು ಡಾಲರಿನ ಆಸುಪಾಸು. 1894ರಲ್ಲಿ 50 ಸೆಂಟ್. ಸಾವಿರ ಡಾಲರ್ ಸಾಲ ಮಾಡಿದವನು ತೀರಿಸುವಾಗ ಸಾವಿರದ ಬದಲು ಎರಡು ಸಾವಿರ ಬುಷೆಲ್ ಬೆಳೆಯಬೇಕು. ನೆಲ ಅಷ್ಟೇ, ಕೈ ಎರಡೇ. ಬಡ್ಡಿ ಬೇರೆ. ದೇಶ ಬೆಳೆಯಿತು, ಜನ ಹೆಚ್ಚಾದರು, ಬೆಳೆ ಹೆಚ್ಚಾಯಿತು, ದುಡ್ಡು ಮಾತ್ರ ಚಿನ್ನದ ಜೊತೆ ಕಟ್ಟಿಹಾಕಿದ ಕರುವಿನ ಹಾಗೆ ನಿಂತಲ್ಲೇ ನಿಂತಿತು. ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೆ ಬ್ರಯಾನ್ ಅರ್ಥವಾದ. 47 ಸೆಂಟಿನ ಜೋಕು ಮಾಡಿದವರು ಡಾಲರಿನೊಳಗಿನ ಬೆಳ್ಳಿ ತೂಗಿದರು. ಸಾಲಗಾರನ ಹೆಗಲ ಮೇಲಿನ ಡಾಲರ್ ಎಷ್ಟು ತೂಗುತ್ತೆ ಅಂತ ತೂಗಲಿಲ್ಲ.

1896ರ ಜುಲೈ 9, ಶಿಕಾಗೋ. ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಮೈಕ್ ಇಲ್ಲದ ಕಾಲ, ದೊಡ್ಡ ಸಭಾಂಗಣ, ಸಾವಿರಾರು ಜನ. ಬ್ರಯಾನ್‌ಗೆ 36 ವರ್ಷ. ಊರುಗಳನ್ನು ಸುಟ್ಟು ಹೊಲಗಳನ್ನು ಬಿಡಿ, ಊರುಗಳು ಮತ್ತೆ ಎದ್ದು ಬರುತ್ತವೆ; ಹೊಲ ಹಾಳು ಮಾಡಿ, ಪ್ರತಿ ಊರಿನ ಬೀದಿಯಲ್ಲೂ ಹುಲ್ಲು ಬೆಳೆಯುತ್ತೆ ಅಂದ. ಕೊನೆಗೆ, ದುಡಿಯುವವರ ಹಣೆಗೆ ಈ ಮುಳ್ಳಿನ ಕಿರೀಟ ಒತ್ತಬೇಡಿ, ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಅಂತ ಹೇಳಿ ಎರಡೂ ಕೈ ಚಾಚಿ ಶಿಲುಬೆಯ ಹಾಗೆ ನಿಂತುಬಿಟ್ಟ. ಒಂದು ಗಳಿಗೆ ಇಡೀ ಸಭೆ ಗಪ್‌ಚಿಪ್. ಆಮೇಲೆ ಹೆಗಲ ಮೇಲೆ ಹೊತ್ತು ಕುಣಿದರು. ಮರುದಿನ ಅವನೇ ಅಭ್ಯರ್ಥಿ. ಮುಂದೆ 1920ರ ದಶಕದಲ್ಲಿ ಅದೇ ಭಾಷಣದ ಭಾಗವನ್ನು ಗ್ರಾಮಫೋನಿಗಾಗಿ ಓದಿದ್ದಾನೆ. ಕೇಳಿ ನನಗೆ ಸ್ವಲ್ಪ ನಿರಾಸೆ ಆಯ್ತು. ವಯಸ್ಸಾದ ದನಿ, ಎದುರಿಗೆ ಜನ ಇಲ್ಲ. ಆದರೂ ಪದಗಳ ಕೊನೆ ಎಳೆಯುವ ರೀತಿಯಲ್ಲಿ ಹಳೇ ಹುರಿ ಗೊತ್ತಾಗುತ್ತೆ.

ಚುನಾವಣೆಯಲ್ಲಿ ರೈಲು ಹತ್ತಿ ಸುಮಾರು 18,000 ಮೈಲಿ ಸುತ್ತಿದ. ಎದುರಾಳಿ ಮೆಕಿನ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ತನ್ನ ಮನೆ ಜಗಲಿ ಬಿಟ್ಟು ಕದಲಲಿಲ್ಲ. ಜನರನ್ನೇ ರೈಲಿನಲ್ಲಿ ಅಲ್ಲಿಗೆ ಕರೆಸಿದರು. ಮೆಕಿನ್ಲಿ ಕಡೆ ಮಾರ್ಕ್ ಹಾನಾ ಎಂಬಾತ ಬ್ಯಾಂಕು, ಕಂಪನಿಗಳಿಂದ ದುಡ್ಡು ಎತ್ತಿದ. ನನ್ನ ಕೈಲಿರುವ ಸೀಸವೂ ಆ ಗಾಳಿಯಲ್ಲೇ ಹುಟ್ಟಿದ್ದು. ಅಧ್ಯಕ್ಷನನ್ನು ಆರಿಸುವ ಎಲೆಕ್ಟೋರಲ್ ಮತ 271ಕ್ಕೆ 176, ಮೆಕಿನ್ಲಿ ಗೆದ್ದ. ನಗರದ ಕೂಲಿಯವರು ಬ್ರಯಾನ್ ಕೈ ಹಿಡಿಯಲಿಲ್ಲ. ಬೆಲೆ ಏರಿದರೆ ರೈತನಿಗೆ ಲಾಭ, ಕಾರ್ಖಾನೆಯವನ ರೊಟ್ಟಿ ದುಬಾರಿ. ಇದಕ್ಕೆ ಬ್ರಯಾನ್ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

1900ರಲ್ಲಿ ಸೋತ, 1908ರಲ್ಲೂ ಸೋತ. ಪುಸ್ತಿಕೆ ಇದನ್ನೇ ಹಿಡಿದು ಮೂರು ಸೋಲಿನ ಸರದಾರ ಅಂತ ಮುಗಿಸುತ್ತೆ. ತಮಾಷೆ ಏನಂದರೆ ಅವನು ಬೇಡಿದ್ದು ಬೇರೆ ಬಾಗಿಲಿಂದ ಬಂತು. ದಕ್ಷಿಣ ಆಫ್ರಿಕಾ, ಕೆನಡಾದ ಕ್ಲೊಂಡೈಕ್ ಕಡೆ ಚಿನ್ನ ಸಿಕ್ಕಿತು, ಸಯನೈಡಿನಿಂದ ಅದಿರು ತೊಳೆಯುವ ವಿಧಾನ ಬಂತು, ಲೋಕದಲ್ಲಿ ಚಿನ್ನ ಹೆಚ್ಚಾಗಿ ಬೆಲೆಗಳು ಏರಿದವು. ಬೆಳ್ಳಿ ಮಾತು ತಣ್ಣಗಾಯಿತು. 1913ರಲ್ಲಿ ಅಧ್ಯಕ್ಷ ವಿಲ್ಸನ್ ಸರಕಾರದಲ್ಲಿ ಬ್ರಯಾನ್ ವಿದೇಶಾಂಗ ಮಂತ್ರಿ. ಆಗ ಫೆಡರಲ್ ರಿಸರ್ವ್, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕಿನ, ಕಾನೂನು ರೂಪುಗೊಳ್ಳುತ್ತಿತ್ತು. ನೋಟು ಬ್ಯಾಂಕುಗಳ ಹೊಣೆಯಲ್ಲ, ಸರಕಾರದ ಹೊಣೆ ಆಗಿರಬೇಕು, ಮೇಲಿನ ಮಂಡಳಿಯನ್ನು ಬ್ಯಾಂಕಿನವರಲ್ಲ, ಸರಕಾರ ನೇಮಿಸಬೇಕು ಅಂತ ಪಟ್ಟು ಹಿಡಿದ. ಅದು ಕಾನೂನಾಯಿತು. ನನಗೆ ಕೇಳಿದರೆ ಚಿನ್ನದ ಶಿಲುಬೆಗಿಂತ ಇದು ದೊಡ್ಡ ಕೆಲಸ. ಪುಸ್ತಿಕೆಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಔತಣದಲ್ಲಿ ವೈನ್ ಬದಲು ದ್ರಾಕ್ಷಿ ರಸ ಕೊಡುತ್ತಿದ್ದ ಅನ್ನೋದಕ್ಕೆ ಮಾತ್ರ ಅರ್ಧ ಪುಟ, ವ್ಯಂಗ್ಯಚಿತ್ರ ಸಮೇತ.

ಅವನನ್ನು ಅಟ್ಟಕ್ಕೇರಿಸುವುದು ನನ್ನ ಉದ್ದೇಶ ಅಲ್ಲ. ದಕ್ಷಿಣದಲ್ಲಿ ಕರಿಯರ ಮತ ಕಿತ್ತುಕೊಳ್ಳುತ್ತಿದ್ದಾಗ ಬಡವರ ಪರ ಅಂತ ಕೂಗಿದ ಈ ಬಾಯಿ ಅಲ್ಲಿ ತೆರೆಯಲಿಲ್ಲ. ಅಮೆರಿಕದ ಸಂಸತ್ ಭವನದಲ್ಲಿ ನೆಬ್ರಾಸ್ಕಾ ಇಟ್ಟಿದ್ದ ಅವನ ಪ್ರತಿಮೆಯನ್ನು 2019ರಲ್ಲಿ ತೆಗೆದು, ಪೊಂಕಾ ಜನರ ಮುಖ್ಯಸ್ಥ ಸ್ಟ್ಯಾಂಡಿಂಗ್ ಬೇರ್ ಪ್ರತಿಮೆ ಇಟ್ಟರು. ನನಗೇನೂ ಬೇಜಾರಾಗಲಿಲ್ಲ.

ಕೊಳ್ಳಬೇಕು ಅನ್ನುವವರಿಗೆ ನನ್ನ ಅನುಭವದ ಮಾತು. ಬಿಲ್ಲೆ ಕೊಳ್ಳಿ, ಪುಸ್ತಿಕೆ ಬೇಡ ಅನ್ನಿ. ಇದರಲ್ಲಿ ನೂರಾರು ನಮೂನೆ ಇವೆ, ಫರಾನ್ ಜರ್ಬ್ ಎಂಬ ನಾಣ್ಯ ತಜ್ಞ 1926ರಲ್ಲೇ ಪಟ್ಟಿ ಮಾಡಿದ್ದಾನೆ. ಮಾರುವವರು ಜರ್ಬ್ ನಂಬರ್ ಹೇಳದಿದ್ದರೆ ಕೇಳಿ. ಬೆಳಕು ಓರೆಯಾಗಿ ಬಿದ್ದ ಫೋಟೋ ಕೇಳಿ, ನೇರ ಫೋಟೋ ನಂಬಬೇಡಿ. ಅಂಚಿನಲ್ಲಿ ಅರದ ಗುರುತು ಇದ್ದರೆ ಹೆದರಬೇಡಿ, ಎರಕದ ಕೊಸರು ತೆಗೆದದ್ದು ಅದು. ಬಿಳಿ ಪುಡಿ ಉದುರುತ್ತಿದ್ದರೆ ಮಾತ್ರ ಬೇಡ. ನಾನು ಜಿಪ್ ಚೀಲದಲ್ಲಿ ಹಾಕಿ, ಒಂದು ಗಟ್ಟಿ ಡಬ್ಬಿಯಲ್ಲಿ, ಮಗಳ ಕೈಗೆ ಎಟುಕದ ಕಡೆ ಇಟ್ಟಿದ್ದೇನೆ. ನೋಡಬೇಕು ಅಂದಾಗ ಕೆಳಗಿಳಿಸುತ್ತೇನೆ. ಮೊನ್ನೆ ಅವಳು ತನ್ನ ಹುಂಡಿಯಿಂದ ಕಾಲು ಡಾಲರಿನ ನಾಣ್ಯ ತಂದು ಪಕ್ಕದಲ್ಲಿಟ್ಟು "ಇದರಲ್ಲಿ ಬೆಳ್ಳಿ ಎಷ್ಟು?" ಅಂತ ಕೇಳಿದಳು. 1965ರ ಕಾನೂನಿನ ಮೇಲೆ ಒಂದು ಚೂರೂ ಇಲ್ಲ ಅಂದೆ. "ಮತ್ತೆ ಅಂಗಡಿಯವರು ಯಾಕೆ ತಗೋತಾರೆ?" ಅಂದಳು. ಅನ್ನಕ್ಕೆ ನೀರಿಟ್ಟಿದ್ದೆ, ಆಮೇಲೆ ಹೇಳ್ತೀನಿ ಅಂತ ತಪ್ಪಿಸಿಕೊಂಡೆ.

ಬಿಲ್ಲೆಗೆ ಐದರಲ್ಲಿ ನಾಲ್ಕು ನಕ್ಷತ್ರ, ಉಜ್ಜಿದ್ದಕ್ಕೆ ಒಂದು ಕಳೆದಿದ್ದೇನೆ. ಪುಸ್ತಿಕೆಗೆ ಒಂದು, ಅದೂ ಫೋಟೋಗಳಿಗೆ. ಅಂಗಡಿಯವರಿಗೆ ಎರಡು ಅಂತ ಇದ್ದೆ, ನಿನ್ನೆ ಒಂದಕ್ಕೆ ಇಳಿಸಿದೆ. ಆ 25 ಡಾಲರ್ ಬಂತು, ಆದರೆ ಕಾರ್ಡಿಗಲ್ಲ. ಅವರ ಅಂಗಡಿಯಲ್ಲಿ ಮಾತ್ರ ನಡೆಯುವ ಕ್ರೆಡಿಟ್ ಆಗಿ ಬಂತು, 90 ದಿನದೊಳಗೆ ಖರ್ಚು ಮಾಡದಿದ್ದರೆ ರದ್ದು. ಡಾಲರಿನಲ್ಲೇ ಕೊಡಿ ಅಂತ ಮತ್ತೆ ಬರೆದಿದ್ದೇನೆ. ಇನ್ನೂ ಉತ್ತರ ಇಲ್ಲ.